ಜೂನ್ ಹತ್ತರಿಂದ ಹದಿನೈದು

ಕಿಟಕಿಯ ಮರದ ಕದಕ್ಕೆ ಉಂಗುರ ತಾಗಿದ ಸದ್ದು. ಒಂದೇ ಸಲ. ರಾತ್ರಿ ಎರಡೂವರೆ ಗಂಟೆ.

ಮೇಸ್ತ್ರಿ ಇಮ್ಮಾ ಹಾರ್ನ್ ಹಾಕುವುದಿಲ್ಲ. ಎರಡನೆಯ ಸಲ ತಟ್ಟುವುದೂ ಇಲ್ಲ. ಒಂದು ಸದ್ದಿಗೆ ಹೊರಗೆ ಬರದವಳ ಜಾಗಕ್ಕೆ ಮುಂದಿನ ಬೀದಿಯಲ್ಲಿ ಇನ್ನೊಬ್ಬಳು ನಿಂತಿರುತ್ತಾಳೆ. ಹಾಗಾಗಿ ಮೇ ತಿಂಗಳಿಂದ ಜುಲೈವರೆಗೆ ನಾನು ನಿದ್ದೆ ಮಾಡುತ್ತಿರಲಿಲ್ಲ. ಆ ಸದ್ದಿಗೆ ಕಾಯುತ್ತಾ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಬಟ್ಟೆ ಹಾಕಿಕೊಂಡೇ ಮಲಗುತ್ತಿದ್ದೆ. ಮಗಳು ಇಲೇನಿಯಾಳಿಗೆ ಎಚ್ಚರವಾಗದ ಹಾಗೆ ಬೂಟನ್ನು ಕೈಯಲ್ಲಿ ಹಿಡಿದು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಹಾಕಿಕೊಳ್ಳುತ್ತಿದ್ದೆ.

ವ್ಯಾನಿನಲ್ಲಿ ಒಂಬತ್ತು ಸೀಟು. ನಾವು ಹನ್ನೆರಡು ಹೆಂಗಸರು. ಮೂವರು ಕ್ರೇಟುಗಳ ಮೇಲೆ ಕೂರಬೇಕು. ಒರೊನ್ಸಾ ಅಕ್ಕ ತನ್ನ ಪಕ್ಕದಲ್ಲಿ ಚೀಲ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದಳು. ಅವಳಿಗೆ ಅರವತ್ತಾರು. ಗಿಡ್ಡ ಹೆಂಗಸು. ಹದಿಮೂರನೆಯ ವಯಸ್ಸಿನಿಂದ ಹೊಲಕ್ಕೆ ಹೋಗುತ್ತಿದ್ದಳು, ಆದರೆ ಕಾಗದದ ಮೇಲೆ ಅವಳು ದುಡಿದದ್ದು ಹತ್ತೊಂಬತ್ತು ವರ್ಷ. ಪೆನ್ಷನ್ ಸಿಗಲು ಇಪ್ಪತ್ತು ಬೇಕು. ಇನ್ನೊಂದು ವರ್ಷ ಹೇಗಾದರೂ ಮಾಡಿ ಚಪ್ಪರದಡಿ ನಿಂತುಬಿಟ್ಟರೆ ಆಮೇಲೆ ದ್ರಾಕ್ಷಿಯ ಮುಖವನ್ನೇ ನೋಡುವುದಿಲ್ಲ ಎಂದು ಪ್ರತಿ ರಾತ್ರಿ ಹೇಳುತ್ತಿದ್ದಳು. ವೈನ್ ಕುಡಿಯಲ್ಲವಾ ಹಾಗಾದರೆ ಎಂದು ಯಾರೋ ಕೇಳಿದರೆ, ಅದು ಬೇರೆ ವಿಷಯ ಅನ್ನುತ್ತಿದ್ದಳು.

ಎರಡು ಗಂಟೆಯ ದಾರಿ. ಮೆತಪೊಂತೊ ಕಡೆಯ ಬಯಲಿನಲ್ಲಿ ಸಾವಿರಾರು ಎಕರೆ ಚಪ್ಪರ. ಮೇಲೆ ಬಲೆ, ಬಲೆಯ ಮೇಲೆ ಪ್ಲಾಸ್ಟಿಕ್ಕು. ಬೆಳಗಿನ ಐದಕ್ಕೆ ಒಳಗೆ ಹೋದರೆ ಮಧ್ಯಾಹ್ನ ಒಂದಕ್ಕೆ ಹೊರಗೆ. ತಲೆಯ ಮೇಲೆ ನೇತಾಡುವ ಒಂದೊಂದು ಗೊಂಚಲನ್ನೂ ಹಿಡಿದು, ಅದರೊಳಗಿನ ಪುಟ್ಟ ಕಾಯಿಗಳನ್ನೆಲ್ಲ ಬೆರಳಿನಿಂದ ಕಿತ್ತು ಹಾಕಬೇಕು. ಉಳಿದ ಕಾಯಿ ದಪ್ಪಗಾಗಲಿ ಎಂದು. ಉತ್ತರದ ದೊಡ್ಡ ಅಂಗಡಿಗಳಲ್ಲಿ ಎಲ್ಲಾ ಹಣ್ಣೂ ಒಂದೇ ಅಳತೆಯವು ಇರಬೇಕಂತೆ. ಎಂಟು ಗಂಟೆ ಕೈ ಮೇಲೆ, ಕುತ್ತಿಗೆ ಹಿಂದಕ್ಕೆ. ಹಸಿರು ರಸ ಮೊಣಕೈವರೆಗೆ ಇಳಿದು ಅಂಟುತ್ತದೆ. ಕಣ್ಣಿಗೆ ಬಿದ್ದರೆ ಒರೆಸಲು ಸ್ವಚ್ಛವಾದ ಜಾಗ ಕೈಯಲ್ಲಿ ಇರುವುದಿಲ್ಲ. ಹತ್ತು ಗಂಟೆಗೆ ಪ್ಲಾಸ್ಟಿಕ್ಕಿನ ಅಡಿ ಉಸಿರೇ ಬಿಸಿ. ಮೂತ್ರಕ್ಕೆ ಹೋಗಬೇಕೆಂದರೆ ಇನ್ನೊಬ್ಬಳು ಜಾಕೆಟ್ ಬಿಡಿಸಿ ಮರೆ ಹಿಡಿಯಬೇಕು. ಇಮ್ಮಾ ಆ ನಿಮಿಷಗಳನ್ನೂ ನೋಡಿಕೊಂಡಿರುತ್ತಿದ್ದಳು. ಹಾಗಾಗಿ ನಾವು ನೀರು ಕುಡಿಯುತ್ತಿರಲಿಲ್ಲ.

ಕೈ ಎಟುಕದ ಹೆಂಗಸರು ಕ್ರೇಟು ಮಗುಚಿ ಹಾಕಿ ಅದರ ಮೇಲೆ ನಿಲ್ಲುತ್ತಾರೆ. ನನಗೆ ಒಂದು ಕ್ರೇಟು ಸಾಕು. ಒರೊನ್ಸಾ ಅಕ್ಕನಿಗೆ ಎರಡು ಬೇಕು.

ನಾನು ದೊನಾತಾ. ಬಾರಿ ನಗರದಲ್ಲಿ ಸಾಹಿತ್ಯ ಓದಿ ಪದವಿ ಪಡೆದವಳು. ವ್ಯಾನಿನಲ್ಲಿ ಎಲ್ಲರೂ ನನ್ನನ್ನು ಟೀಚರಮ್ಮ ಅನ್ನುತ್ತಿದ್ದರು. ಒರೊನ್ಸಾ ಅಕ್ಕ ತಾನು ಬಿಡಿಸಿದ ಗೊಂಚಲು ತೋರಿಸಿ, ಇದಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀಯಾ ಎಂದು ಕೇಳುತ್ತಿದ್ದಳು. ಯಾವ ಟೀಚರಿಗಾದರೂ ಜ್ವರ ಬಂದು ಶಾಲೆಗೆ ಬರದಿದ್ದರೆ ಆ ವಾರದ ಮಟ್ಟಿಗೆ ನಾನು ಟೀಚರೇ. ಬೆಳಿಗ್ಗೆ ಏಳೂವರೆಗೆ ಫೋನ್ ಬಂದರೆ ಎಂಟೂಕಾಲಿಗೆ ತರಗತಿಯಲ್ಲಿ ಇರಬೇಕು. ಆಗಸ್ಟ್‌ನಲ್ಲಿ ಸಮುದ್ರದ ದಂಡೆಯ ಹೋಟೆಲಿನಲ್ಲಿ ಕೋಣೆ ಗುಡಿಸುತ್ತಿದ್ದೆ. ಬೇಸಿಗೆಯ ಮೊದಲರ್ಧ ದ್ರಾಕ್ಷಿ. ಏನು ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕ್ಯಾಲೆಂಡರ್ ನೆನೆದುಕೊಳ್ಳಬೇಕಾಗಿತ್ತು.

ಜನವರಿಯಿಂದ ಏಪ್ರಿಲ್‌ವರೆಗೆ ಏನೂ ಇಲ್ಲ. ಆ ತಿಂಗಳುಗಳಿಗೆಂದು ಸರ್ಕಾರದ ಒಂದು ಭತ್ಯೆ ಇದೆ. ಹೊಲದ ಕೆಲಸದವರಿಗೆ, ಕೆಲಸ ಇಲ್ಲದ ದಿನಗಳಿಗೆ. ಎರಡು ವರ್ಷದಲ್ಲಿ ನೂರೆರಡು ದಿನದ ಹಾಜರಿ ತೋರಿಸಬೇಕು. ಹೋಟೆಲು, ಶಾಲೆ ಇವನ್ನೂ ಸೇರಿಸಿಕೊಳ್ಳಬಹುದು, ಆದರೆ ಹೊಲದ ದಿನಗಳು ಉಳಿದೆಲ್ಲದಕ್ಕಿಂತ ಹೆಚ್ಚಿರಬೇಕು. ಹೆಚ್ಚಿಲ್ಲದಿದ್ದರೆ ನೀನು ಹೊಲದವಳಲ್ಲ.

ದುಡಿದದ್ದಕ್ಕೂ ಹಾಜರಿಗೂ ಸಂಬಂಧ ಕಡಿಮೆ. ಮೇ, ಜುಲೈ ತಿಂಗಳಲ್ಲಿ ಎರಡು ದಿನ ದುಡಿದರೆ ಒಂದು ದಿನ ಬರೆಯುತ್ತಾರೆ. ಜೂನ್‌ನಲ್ಲಿ ಇನ್‌ಸ್ಪೆಕ್ಟರುಗಳ ಓಡಾಟ ಇರುತ್ತದೆ, ಆಗ ಮಾತ್ರ ಪೂರ್ತಿ ಬರೆಯುತ್ತಾರೆ. ಅದಕ್ಕೇ ಜೂನ್‌ನಲ್ಲಿ ಯಾರೂ ರಜೆ ಹಾಕುತ್ತಿರಲಿಲ್ಲ. ಜ್ವರ ಇದ್ದರೂ ಬರುತ್ತಿದ್ದರು.

ಅದು ಜೂನ್ ಹನ್ನೆರಡು, ಬುಧವಾರ. ಹತ್ತೂವರೆ ಇರಬೇಕು. ನನ್ನ ಹಿಂದಿನ ಸಾಲಿನಲ್ಲಿ ಕ್ರೇಟು ಜಾರಿತು. ತಿರುಗಿ ನೋಡುವಷ್ಟರಲ್ಲಿ ಒರೊನ್ಸಾ ಅಕ್ಕ ನೆಲದ ಮೇಲಿದ್ದಳು. ಬಲಗೈ ಬೆನ್ನಿನಡಿ ಸಿಕ್ಕಿಕೊಂಡಿತ್ತು, ಕೈ ತಿರುಗಬಾರದ ದಿಕ್ಕಿಗೆ ತಿರುಗಿತ್ತು. ಅವಳು ಕೂಗಲಿಲ್ಲ. ಎಡಗೈಯಲ್ಲಿ ಒಂದು ಗೊಂಚಲು ಕಿತ್ತು ಬಂದಿತ್ತು. ಅದನ್ನು ನನ್ನ ಕಡೆ ಚಾಚಿ ಹೇಳಿದಳು. "ಇದನ್ನ ಎಲ್ಲಾದ್ರೂ ಮುಚ್ಚಿಡು, ಇಮ್ಮಾ ನೋಡ್ತಾಳೆ."

ನಾನು ಗೊಂಚಲನ್ನು ಎಲೆಗಳ ಅಡಿ ತುರುಕಿದೆ. ಮೊದಲು ಮಾಡಿದ ಕೆಲಸ ಅದು. ಆಮೇಲೆ ಅವಳ ಕೈ ನೋಡಿದೆ.

ಇಮ್ಮಾ ಬಂದಳು. ಇಪ್ಪತ್ತು ವರ್ಷ ಅವಳೂ ಕ್ರೇಟಿನ ಮೇಲೆ ನಿಂತವಳೇ. ಈಗ ತಲೆ ಎಣಿಸುತ್ತಾಳೆ. ಆಂಬುಲೆನ್ಸ್ ಕರೆಯೋಣ ಎಂದು ನಾನು ಫೋನ್ ತೆಗೆದೆ. ಅವಳು ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ನನ್ನ ಏಪ್ರನ್ನಿನ ಜೇಬಿಗೆ ವಾಪಸು ಹಾಕಿದಳು. ಆಂಬುಲೆನ್ಸ್ ಬಂದರೆ ಎಲ್ಲಿಂದ ಎತ್ತಿದೆವು ಎಂದು ಬರೆದುಕೊಳ್ಳುತ್ತಾರೆ. ಇಬ್ಬರೂ ಸೇರಿ ಅಕ್ಕನನ್ನು ವ್ಯಾನಿಗೆ ಹತ್ತಿಸಿದೆವು. ಉಳಿದವರು ತಲೆ ಮೇಲೆತ್ತಿ ಕಾಯಿ ಕೀಳುತ್ತಲೇ ಇದ್ದರು.

ಆಸ್ಪತ್ರೆಗೆ ಇನ್ನೂ ಒಂದು ಕಿಲೋಮೀಟರ್ ಇರುವಾಗ ಇಮ್ಮಾ ರಸ್ತೆಯ ಪಕ್ಕ ವ್ಯಾನ್ ನಿಲ್ಲಿಸಿದಳು. ಸೀಟಿನಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದಳು. ಅದರಲ್ಲಿ ಹೂವಿನ ಚಿತ್ರದ ಒಂದು ನೈಟಿ ಇತ್ತು. ಮನೆಯೊಳಗೆ ಹಾಕುವ ಒಂದು ಜೊತೆ ಚಪ್ಪಲಿ ಇತ್ತು. ಚಪ್ಪಲಿಯ ತಳ ಹೊಸದು, ಒಂದು ಹೆಜ್ಜೆಯೂ ನಡೆದಿರಲಿಲ್ಲ. ಯಾರ ಕಾಲಿಗಾದರೂ ಹಿಡಿಸುವಷ್ಟು ದೊಡ್ಡದು. ಇದಕ್ಕೆಂದೇ ಅವು ಆ ಸೀಟಿನಡಿ ಇದ್ದವು. ನಾನು ಎರಡು ವರ್ಷ ಅದೇ ಸೀಟಿನ ಮೇಲೆ ಕೂತಿದ್ದೆ.

"ಅಕ್ಕನ ಬೂಟು ಬಿಚ್ಚು," ಎಂದಳು ನನಗೆ.

ಬಿಚ್ಚಿದೆ. ಲೇಸು ಗಂಟು ಬಿದ್ದಿತ್ತು. ನನ್ನ ಉಗುರಿಗೆ ಬರಲಿಲ್ಲ. ಬಗ್ಗಿ ಹಲ್ಲಿನಿಂದ ಬಿಡಿಸಿದೆ. ಬಾಯಿಗೆ ಮಣ್ಣು ಬಂತು. ಇಮ್ಮಾ ಒದ್ದೆ ಕಾಗದದಿಂದ ಅಕ್ಕನ ಬೆರಳುಗಳನ್ನು ಒರೆಸುತ್ತಿದ್ದಳು. ಒಂದೊಂದೇ ಉಗುರಿನ ಸಂದಿಯಿಂದ ಹಸಿರು ತೆಗೆದಳು. ಮುರಿದ ಕೈಯದನ್ನೂ ಬಿಡಲಿಲ್ಲ. ಆಗ ಮಾತ್ರ ಅಕ್ಕ ಕೂಗಿದಳು.

"ಮನೆ ಮೆಟ್ಟಿಲ ಮೇಲೆ ಜಾರಿದೆ ಅಂತ ಹೇಳಕ್ಕಾ. ನಿನ್ನ ಜಾಗ ಯಾರಿಗೂ ಕೊಡಲ್ಲ. ದೇವರಾಣೆ."

ಅಕ್ಕ ತಲೆಯಾಡಿಸಿದಳು. ಇಮ್ಮಾ ಅವಳನ್ನು ಒಳಗೆ ಕರೆದುಕೊಂಡು ಹೋದಳು. ನಾನು ಬೂಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ವ್ಯಾನಿನಲ್ಲಿ ಕೂತಿದ್ದೆ. ಕೆಳಗೆ ಇಳಿಯಬಹುದಿತ್ತು. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ವಾಪಸು ಬರುವಾಗ ಇಮ್ಮಾ, ನೀನು ಓದಿದವಳು, ನಿನಗೆ ಬಿಡಿಸಿ ಹೇಳೋದೇನಿದೆ ಎಂದಳು. ಗುರುವಾರ ಕೆಲಸಕ್ಕೆ ಹೋದೆ. ಶುಕ್ರವಾರ, ಶನಿವಾರವೂ ಹೋದೆ. ಯಾರೂ ಏನೂ ಕೇಳಲಿಲ್ಲ. ಒರೊನ್ಸಾ ಅಕ್ಕನ ಭುಜಕ್ಕೆ ಎರಡು ಮೊಳೆ ಹಾಕಿದರು. ಕೈ ಎದೆಯವರೆಗೆ ಏಳುತ್ತದೆ, ಅದಕ್ಕಿಂತ ಮೇಲೆ ಏಳುವುದಿಲ್ಲ.

ನವೆಂಬರಿನಲ್ಲಿ ಏಳೂವರೆಯ ಫೋನ್ ಬಂತು. ಒಂದು ವಾರದ ಪಾಠ, ಐದು ದಿನ. ನಾನು ಒಪ್ಪಿಕೊಳ್ಳುವ ಮುಂಚೆ ಅಡಿಗೆಮನೆಯಲ್ಲಿ ನಿಂತು ಎಣಿಸಿದೆ. ಎರಡು ವರ್ಷದ ಹೊಲದ ಹಾಜರಿ ಅರವತ್ತು ಎಂದು ಇಮ್ಮಾ ಹೇಳಿದ್ದಳು. ಹೋಟೆಲು, ಶಾಲೆ ಸೇರಿ ಐವತ್ತು. ಐದು ಸೇರಿದರೆ ಐವತ್ತೈದು. ಹೊಲವೇ ಹೆಚ್ಚು. ಒಟ್ಟು ನೂರೆರಡನ್ನು ದಾಟುತ್ತದೆ. ಎರಡು ಸಲ ಎಣಿಸಿ ಹೂಂ ಅಂದೆ. ಐದು ದಿನ ಹನ್ನೆರಡು ವರ್ಷದ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟೆ. ಒಳ್ಳೆಯ ವಾರ ಅದು. ಕೈ ಕೆಳಗಿಟ್ಟುಕೊಂಡು ದುಡಿದೆ.

ಮಾರ್ಚ್‌ನಲ್ಲಿ ಹೊಲದ ಕೆಲಸದವರ ಹೆಸರಿನ ಪಟ್ಟಿ ಬರುತ್ತದೆ. ಯಾರಿಗೆ ಎಷ್ಟು ದಿನ ಎಂದು ಅದರಲ್ಲಿರುತ್ತದೆ. ಅರ್ಜಿ ಹಾಕಲು ಮೂವತ್ತೊಂದು ಕೊನೆಯ ದಿನ. ನಾನು ಕಾರ್ಮಿಕ ಸಂಘದ ಕಚೇರಿಗೆ ಹೋಗಿ ನಂಬರ್ ಚೀಟಿ ತೆಗೆದುಕೊಂಡು ಎರಡು ಗಂಟೆ ಕೂತೆ. ಅಲ್ಲಿ ಅರ್ಜಿ ತುಂಬಿಕೊಡುವವನು ಎಲಿಜ್ಯೊ, ಶಾಲೆಯಲ್ಲಿ ನನಗಿಂತ ಒಂದು ತರಗತಿ ಮುಂದಿದ್ದವನು. ಅವನು ಕಂಪ್ಯೂಟರಿನ ಸಾಲುಗಳನ್ನು ಎರಡು ಸಲ ಓದಿದ. ಕನ್ನಡಕ ತೆಗೆದ.

"ಹೊಲ ಐವತ್ತನಾಲ್ಕು. ಉಳಿದದ್ದು ಐವತ್ತೈದು. ಒಂದು ದಿನದಲ್ಲಿ ನೀನು ನಿಜವಾಗ್ಲೂ ಟೀಚರಮ್ಮ ಆಗ್ಬಿಟ್ಟೆ, ದೊನಾತಾ."

ನಗಿಸಲು ಹೇಳಿದ. ನಾನು ನಗಲಿಲ್ಲ, ಅವನೂ ನಗಲಿಲ್ಲ. ನವೆಂಬರಿನ ಆ ವಾರ ಮನೆಯಲ್ಲಿ ಕೂತಿದ್ದರೆ ಭತ್ಯೆ ಸಿಗುತ್ತಿತ್ತು ಎಂದು ಅವನೇ ಕೂಡಿ ತೋರಿಸಿದ. ದುಡಿದದ್ದರಿಂದ ಹೋಯಿತು. ಹೊಲದವರದಲ್ಲದ ಇನ್ನೊಂದು ಭತ್ಯೆಗೆ ಹದಿಮೂರು ವಾರ ಬೇಕು, ನನ್ನ ಹತ್ತಿರ ಇದ್ದದ್ದು ಒಂಬತ್ತು. ಅಲ್ಲಿಯವರಿಗೆ ನಾನು ಹೊಲದವಳು, ಇಲ್ಲಿಯವರಿಗೆ ಶಾಲೆಯವಳು.

ಯಾವ ಆರು ದಿನ ಇಲ್ಲ ಎಂದು ಕೇಳಿದೆ. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಜೂನ್ ಎಂಟರವರೆಗೆ ಇದ್ದೆ. ಜೂನ್ ಹದಿನೇಳರಿಂದ ಮತ್ತೆ ಇದ್ದೆ. ಹತ್ತರಿಂದ ಹದಿನೈದು ಖಾಲಿ. ಹನ್ನೆರಡು ಹೆಂಗಸರದ್ದೂ ಖಾಲಿ. ಒಂದು ದಿನ ಅಳಿಸಿದರೆ ಕಣ್ಣಿಗೆ ಬೀಳುತ್ತದೆ. ಒಂದು ವಾರ ಅಳಿಸಿದರೆ ಹವಾಮಾನ ಅಂದುಕೊಳ್ಳುತ್ತಾರೆ.

ಇಲೇನಿಯಾ ಆ ಚಳಿಗಾಲದಲ್ಲಿ ತಾರಾಂತೊದ ನೌಕಾ ಶಾಲೆಗೆ ಸೇರುವ ಅರ್ಜಿ ತುಂಬಿದ್ದಳು. ಹಡಗಿನ ಎಂಜಿನ್ ಕಲಿಯಬೇಕಂತೆ. ಅವಳ ಅಪ್ಪ ಜರ್ಮನಿಯಲ್ಲಿದ್ದಾನೆ, ಅಲ್ಲಿ ಇನ್ನೊಂದು ಮನೆ ಮಾಡಿಕೊಂಡಿದ್ದಾನೆ. ಬಸ್ಸು, ಸಮವಸ್ತ್ರ, ಪುಸ್ತಕ ಎಲ್ಲಾ ಆ ಭತ್ಯೆಯಿಂದ ಆಗಬೇಕಿತ್ತು. ಬೇರೆ ದಾರಿ ಇರಲಿಲ್ಲ. ಅವಳಿಗೆ ಸೇರಿಸ್ತೀನಿ ಎಂದು ಮಾತು ಕೊಟ್ಟಿದ್ದೆ.

ಮಾರನೆಯ ದಿನ ಇಮ್ಮಾ ಫೋನ್ ಮಾಡಿದಳು. ಹಾಜರಿ ಬರೆಯುವ ತುರ್ಸಿ ನಿನ್ನನ್ನು ನೋಡಬೇಕಂತೆ, ಎಲ್ಲಾ ಸರಿ ಮಾಡಿಕೊಡ್ತಾರಂತೆ ಎಂದಳು.

ತುರ್ಸಿ ತೋಟದ ಮಾಲೀಕರ ಕಾಗದಪತ್ರ ನೋಡಿಕೊಳ್ಳುವವನು. ಟೈರ್ ಅಂಗಡಿಯ ಮೇಲೆ ಅವನ ಆಫೀಸು. ಎದ್ದು ನಿಂತು ಕುರ್ಚಿ ತೋರಿಸಿದ. ಕಾಫಿ ತರಿಸಿದ. ಸಕ್ಕರೆ ಎಷ್ಟು ಎಂದು ಕೇಳಿದ. ನನ್ನ ಜೊತೆ ಬಹುವಚನದಲ್ಲಿ ಮಾತಾಡಿದ. ಅವನ ಮಗನಿಗೆ ನಾನೊಮ್ಮೆ ಒಂದು ವಾರ ಪಾಠ ಮಾಡಿದ್ದೆನಂತೆ, ಅದು ನನಗೆ ನೆನಪಿರಲಿಲ್ಲ.

ಆಮೇಲೆ ಒಂದು ಕಾಗದ ತಿರುಗಿಸಿ ನನ್ನ ಮುಂದಿಟ್ಟ. ಜೂನ್ ಹತ್ತರಿಂದ ಹದಿನೈದರವರೆಗೆ ಆಲಿಕಲ್ಲು ಬಿದ್ದದ್ದರಿಂದ ತೋಟದಲ್ಲಿ ಕೆಲಸ ನಡೆಯಲಿಲ್ಲ, ನಾವ್ಯಾರೂ ಅಲ್ಲಿಗೆ ಹೋಗಿರಲಿಲ್ಲ. ಕೆಳಗೆ ಹತ್ತು ಸಹಿಗಳು. ಎಲ್ಲರ ಕೈಬರಹವೂ ನನಗೆ ಗೊತ್ತು, ಅವರಲ್ಲಿ ಅರ್ಧ ಜನರ ಅರ್ಜಿಗಳನ್ನು ತುಂಬಿಕೊಟ್ಟವಳು ನಾನೇ. ಹನ್ನೊಂದನೆಯದು ನನ್ನ ಜಾಗ. ಅಲ್ಲಿ ಸೀಸದಕಡ್ಡಿಯಲ್ಲಿ ಸಣ್ಣ ಗುರುತು ಹಾಕಿದ್ದ.

ಆ ಆರು ದಿನಕ್ಕೆ ಬದಲಾಗಿ ಬೇರೆ ಆರು ದಿನ ಕೊಡುತ್ತೇನೆಂದ. ಇನ್ನೊಂದು ತೋಟದಲ್ಲಿ ತಡವಾಗಿ ಕೊಯ್ಲು ನಡೆದಿತ್ತು, ಅಲ್ಲಿ ಸೇರಿಸಬಹುದು. ನವೆಂಬರ್ ನಾಲ್ಕರಿಂದ ಒಂಬತ್ತು.

"ಆ ವಾರ ನಾನು ಶಾಲೆಯಲ್ಲಿದ್ದೆ," ಅಂದೆ. "ರಿಜಿಸ್ಟರಿನಲ್ಲಿ ನನ್ನ ಸಹಿ ಇದೆ."

ಅವನು ಗಾಬರಿಯಾಗಲಿಲ್ಲ. ಹೇಳಿದ್ದು ಒಳ್ಳೇದಾಯ್ತು, ಇಲ್ಲದಿದ್ದರೆ ಇಬ್ಬರಿಗೂ ತೊಂದರೆ ಎಂದು ನಕ್ಕ. ಗೋಡೆಯಿಂದ ಹಿಂದಿನ ವರ್ಷದ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹರಡಿದ. ಹಾಳೆ ಹಿಂದಕ್ಕೆ ಮಗುಚಿದ. ಅಕ್ಟೋಬರ್. ಅದರ ಮೇಲೆ ಪೆನ್ನಿನ ತುದಿ ಆಡಿಸಿದ, ಬಟ್ಟೆ ಅಂಗಡಿಯವನು ಥಾನಿನ ಮೇಲೆ ಕೈ ಆಡಿಸುವ ಹಾಗೆ.

"ನೀವೇ ಹೇಳ್ಬಿಡಿ ಟೀಚರಮ್ಮ. ಯಾವ ದಿನ ಬೇಕು ನಿಮಗೆ?"

ನನ್ನ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ಹೋಯಿತು. ಚಪ್ಪರದಡಿ ಹೋಗುವ ಹಾಗೆ. ನಾನು ಇದ್ದ ದಿನ ಇರಲಿಲ್ಲ ಎಂದು ಬರೆಯುತ್ತಾರೆ, ಇಲ್ಲದ ದಿನ ಇದ್ದೆ ಎಂದು ಬರೆಯುತ್ತಾರೆ. ನನ್ನ ತೋಳು, ನನ್ನ ಸೊಂಟ, ನೀರು ಕುಡಿಯದೆ ಒಣಗಿಸಿಕೊಂಡ ನನ್ನ ಗಂಟಲು, ಇವು ಯಾವಾಗ ಎಲ್ಲಿ ಇದ್ದವು ಎನ್ನುವುದು ಈ ಮನುಷ್ಯನ ಪೆನ್ನಿಗೆ ಬಿಟ್ಟದ್ದು. ಹೆದರಿಕೆ ಆಗುತ್ತಿತ್ತು. ನಾನು ಹುಟ್ಟಾ ಅಂಜುಬುರುಕಿ. ಒಂದು ವಾಕ್ಯ ಹೇಳುವ ಮುಂಚೆ ಒಳಗೆ ಮೂರು ಸಲ ಹೇಳಿಕೊಂಡು ನೋಡುವವಳು. ಆ ದಿನ ಒಂದು ಸಲವೂ ಹೇಳಿಕೊಳ್ಳಲಿಲ್ಲ.

"ಜೂನ್ ಹತ್ತರಿಂದ ಹದಿನೈದು," ಅಂದೆ. "ಅವು ಬೇಕು."

"ಅವು ಇಲ್ಲವಲ್ಲಮ್ಮ."

"ಇದ್ದವು. ಹನ್ನೆರಡನೇ ತಾರೀಕು ಬುಧವಾರ. ಬಿಸಿಲಿತ್ತು. ಆಲಿಕಲ್ಲು ಬಿದ್ದಿರಲಿಲ್ಲ, ಬಿದ್ದದ್ದು ಒರೊನ್ಸಾ ಅಕ್ಕ. ನಾನು ಅವಳ ಬೂಟು ಬಿಚ್ಚಿದೆ."

ಅವನು ಬಾಗಿಲ ಕಡೆ ನೋಡಿದ. ಬಾಗಿಲು ಮುಚ್ಚಿತ್ತು. ಆಮೇಲೆ ಬಹುವಚನ ಬಿಟ್ಟ.

"ನೋಡು, ನಿನಗೊಬ್ಬಳು ಮಗಳಿದ್ದಾಳೆ. ಸಹಿ ಹಾಕಿದ್ರೆ ನಿನಗೆ ಲಾಭ. ಹಾಕದಿದ್ರೆ ನನಗೇನೂ ನಷ್ಟ ಇಲ್ಲ. ನೀನು ಬಾಯಿ ಮುಚ್ಕೊಂಡು ಮನೇಲಿದ್ರೆ, ಅದೂ ಸಹಿ ಹಾಕಿದ ಹಾಗೇನೇ."

ನಾನು ಎದ್ದೆ. ಕಾಫಿ ಕುಡಿದಿರಲಿಲ್ಲ. ಕಾಗದವನ್ನು ಹರಿಯಲಿಲ್ಲ, ಹರಿದರೆ ಇನ್ನೊಂದು ಬರೆಸುತ್ತಾನೆ. ಅದನ್ನು ಅವನ ಕಡೆ ತಿರುಗಿಸಿ ಇಟ್ಟು, ನನ್ನ ಜಾಗದ ಸೀಸದಕಡ್ಡಿ ಗುರುತನ್ನು ಅವನ ಮೇಜಿನ ರಬ್ಬರ್ ತೆಗೆದುಕೊಂಡು ಅಳಿಸಿದೆ. ಚೂರುಗಳನ್ನು ಊದಿದೆ. ಮೆಟ್ಟಿಲಿಳಿದು ಬಂದೆ. ಕೆಳಗೆ ಟೈರ್ ಅಂಗಡಿಯ ಹುಡುಗರು ನನ್ನನ್ನು ನೋಡಿ ರೇಡಿಯೋದ ಸದ್ದು ಕಡಿಮೆ ಮಾಡಿದರು. ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ.

ಅಲ್ಲಿಂದ ನೇರವಾಗಿ ಎಲಿಜ್ಯೊನ ಹತ್ತಿರ ಹೋದೆ. ನಂಬರ್ ಚೀಟಿ ತೆಗೆದುಕೊಳ್ಳಲಿಲ್ಲ. ಅವನು ಎಲ್ಲವನ್ನೂ ಕೇಳಿ ಬಾಗಿಲು ಹಾಕಿಕೊಂಡು ಬಂದು ಕೂತ. ಕಾರ್ಮಿಕ ಇನ್‌ಸ್ಪೆಕ್ಟರಿಗೆ ದೂರು ಕೊಡಬಹುದು ಎಂದ. ಇನ್‌ಸ್ಪೆಕ್ಟರು ಒಪ್ಪಿದರೆ ಆ ವಾರ ಎಲ್ಲರಿಗೂ ವಾಪಸು ಬರುತ್ತದೆ, ನನ್ನ ಭತ್ಯೆಯೂ ಉಳಿಯುತ್ತದೆ, ಒರೊನ್ಸಾ ಅಕ್ಕನ ಕೈ ಕೆಲಸದ ಮೇಲೆ ಮುರಿದ ಕೈಯಾಗುತ್ತದೆ. ಒಂದು ವರ್ಷ ಹಿಡಿಯಬಹುದು. ಮತ್ತೆ ಯಾವ ಮೇಸ್ತ್ರಿಯೂ ನನ್ನನ್ನು ವ್ಯಾನಿಗೆ ಹತ್ತಿಸುವುದಿಲ್ಲ. ಅದನ್ನೂ ಅವನು ಮುಚ್ಚಿಡದೆ ಹೇಳಿದ. ದೂರನ್ನು ನಾನೇ ಬರೆದೆ. ನನಗೆ ಬರುವ ಕೆಲಸ ಅದು. ಒಂದು ಪುಟ. ವಿಶೇಷಣ ಒಂದೂ ಇಲ್ಲ. ಕೆಳಗೆ ನನ್ನ ಸಹಿ ಹಾಕಿದೆ. ಅದರ ಪಕ್ಕದಲ್ಲಿ, ಬಿದ್ದವಳ ಸಹಿಯೂ ಬೇಕಿತ್ತು.

ಒರೊನ್ಸಾ ಅಕ್ಕ ಬೀದಿಗೆ ತೆರೆದ ಬಾಗಿಲ ಹತ್ತಿರ ಕೂತು ಕಾಡು ಚಿಕೋರಿ ಸೊಪ್ಪು ಬಿಡಿಸುತ್ತಿದ್ದಳು. ಬೇರಿನ ತುದಿಯನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು, ಎಡಗೈಯಲ್ಲಿ ಚಾಕು ಆಡಿಸುತ್ತಿದ್ದಳು. ಅರ್ಧದಷ್ಟು ನೆಲಕ್ಕೆ ಬಿದ್ದಿತ್ತು. ಒಳಗೆ ಒಲೆಯ ಮೇಲೆ ಒಣ ಅವರೆ ಬೇಯುವ ವಾಸನೆ. ಕೂದಲು ಬಾಚಿರಲಿಲ್ಲ. ಹಿಂದೆ ಕೈ ಹೋಗುವುದಿಲ್ಲ, ಪಕ್ಕದ ಮನೆಯವಳು ಬಂದು ಬಾಚಬೇಕು.

ನಾನು ಚೀಲದ ಜಿಪ್ಪಿಗೆ ಕೈ ಹಾಕಿದೆ. ಅವಳೇ ಮೊದಲು ಮಾತಾಡಿದಳು.

"ಸಿಹಿ ತಿಂತೀಯಾ? ಅಗೋ ಡಬ್ಬೀಲಿದೆ. ಸಂತ ಜೋಸೆಫರ ಹಬ್ಬದ ದಿನ ತುರ್ಸಿ ತಂದಿದ್ದ. ಅವನೇ ಬಂದಿದ್ದ ಕಣೇ, ಈ ಮನೆಗೆ, ಟೈ ಕಟ್ಕೊಂಡು."

ಮೇಜಿನ ಮೇಲೆ ಬೇಕರಿಯ ಡಬ್ಬಿ ಇತ್ತು. ಕ್ರೀಮು ತುಂಬಿದ ಎರಡು ಹಬ್ಬದ ವಡೆ ಉಳಿದು ಒಣಗಿದ್ದವು.

"ಐವತ್ತೊಂದು ದಿನ ಕೊಟ್ಟ," ಎಂದಳು. "ಎರಡು ಕೈ ಇದ್ದಾಗ ಒಂದೇ ಸಲ ಇಷ್ಟು ಯಾವತ್ತೂ ಕೊಟ್ಟಿರ್ಲಿಲ್ಲ. ಇಪ್ಪತ್ತನೇ ವರ್ಷ ಆಯ್ತು. ಮುಂದಿನ ವರ್ಷ ಪೆನ್ಷನ್ನು. ಮನೆ ಮೆಟ್ಟಿಲ ಮೇಲೆ ಬಿದ್ದೆ ಅಂತ ಬರೆದಿತ್ತು. ಎಡಗೈಲಿ ಸಹಿ ಹಾಕಿದೆ. ಸೊಟ್ಟ ಬಂತು. ಪರವಾಗಿಲ್ಲಮ್ಮಾ ಅಂದ."

ನನ್ನ ಕೈ ಚೀಲದ ಒಳಗೇ ಇತ್ತು. ಬೆರಳಿಗೆ ಕಾಗದದ ಅಂಚು ತಾಗುತ್ತಿತ್ತು.

ಅವಳು ಚಾಕು ಕೆಳಗಿಟ್ಟಳು. ನನ್ನ ಚೀಲ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಯಾರಾದ್ರೂ ಇನ್‌ಸ್ಪೆಕ್ಟರ್ ಹತ್ರ ಹೋದ್ರೆ ನನ್ನ ದಿನಗಳೂ ಹೋಗ್ತವಂತೆ. ಪೆನ್ಷನ್ನೂ ಹೋಗತ್ತಂತೆ, ಸುಳ್ಳು ಹೇಳಿದ್ದಕ್ಕೆ ಕೇಸೂ ಹಾಕ್ತಾರಂತೆ. ಯಾರು ಹೋಗ್ತಾರೆ ಬಿಡು. ಎಲ್ಲಾರೂ ಹಾಕಿದ್ದಾರೆ. ನೀನೂ ಹಾಕಿದ್ದೀಯಲ್ಲ ಮಗಳೇ?"

ಒಂಬತ್ತು ತಿಂಗಳಿಂದ ಅವಳು ಆ ಕೈಯನ್ನು ಹೊತ್ತು ತಿರುಗುತ್ತಿದ್ದಳು. ಅದು ಅವಳ ಕೈ. ಅದನ್ನು ಏನಕ್ಕೆ ಕೊಡಬೇಕು ಎಂದು ಅವಳೇ ತೀರ್ಮಾನ ಮಾಡಿದ್ದಳು. ನ್ಯಾಯ ಕೇಳುವ ಹಕ್ಕು ಅವಳಿಗಿತ್ತು. ಅದನ್ನು ಮಾರಿಕೊಳ್ಳುವಷ್ಟು ದಣಿದೂ ಇದ್ದಳು. ಐವತ್ತಮೂರು ವರ್ಷ ದುಡಿದವಳಿಗೆ ಕೊನೆಯ ಒಂದು ವರ್ಷ ಸಿಕ್ಕಿದ್ದು ಮುರಿದ ಭುಜಕ್ಕೆ. ನನ್ನ ಸಿಟ್ಟು ಹೋಗಲು ಜಾಗ ಹುಡುಕುತ್ತಿತ್ತು, ಅದು ಅವಳ ಮೇಲೆ ಹೋಗದ ಹಾಗೆ ನಾನು ಹಲ್ಲು ಕಚ್ಚಿ ಹಿಡಿದೆ.

"ಹೂಂ ಅಕ್ಕಾ," ಅಂದೆ.

"ಒಳ್ಳೇದು ಮಾಡಿದೆ," ಎಂದಳು. ಕಣ್ಣು ಬೇರೆ ಕಡೆ ಇತ್ತು. ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಚೀಲದಿಂದ ಬರಿಗೈ ತೆಗೆದೆ. ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಚಾಕು ತೆಗೆದುಕೊಂಡೆ. ಉಳಿದ ಸೊಪ್ಪನ್ನೆಲ್ಲ ಬಿಡಿಸಿದೆ, ನೆಲಕ್ಕೆ ಬಿದ್ದದ್ದನ್ನೂ ಆರಿಸಿ ಮೂರು ನೀರಿನಲ್ಲಿ ತೊಳೆದು ಕೊಟ್ಟೆ. ಇಲೇನಿಯಾ ಏನು ಓದುತ್ತಾಳೆ ಎಂದು ಅವಳು ಕೇಳಿದಳು. ಹಡಗು ಅಂದೆ. ಹೆಣ್ಣುಮಕ್ಕಳನ್ನ ಹಡಗಿಗೆ ಹತ್ತಿಸ್ತಾರಾ ಎಂದು ಕೇಳಿದಳು. ಹತ್ತಿಸ್ತಾರಂತೆ ಅಂದೆ.

ಅಲ್ಲಿಂದ ನನ್ನ ಮನೆಗೆ ಏಳು ನಿಮಿಷದ ದಾರಿ. ನಾನು ಅರ್ಧ ಗಂಟೆ ನಡೆದೆ. ಸುಮ್ಮನಿರುವುದೂ ಸಹಿ ಹಾಕುವುದೂ ಒಂದೇ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಹಾಕಲಿಲ್ಲ. ಆ ಕಾಗದದ ಮೇಲೆ ಹನ್ನೊಂದನೆಯ ಜಾಗ ಖಾಲಿ ಇದೆ. ಮತ್ತೆ ಮತ್ತೆ ಹೇಳಿಕೊಂಡೆ. ತುರ್ಸಿಯ ಮಾತು ಅದಕ್ಕಿಂತ ಗಟ್ಟಿಯಾಗಿ ಕೇಳುತ್ತಿತ್ತು. ಟೌನ್ ಹಾಲ್ ಮುಂದೆ ಸಂಘದ ಕಚೇರಿಯ ದೀಪ ಇನ್ನೂ ಉರಿಯುತ್ತಿತ್ತು. ಎಲಿಜ್ಯೊ ಕಾಯುತ್ತಿರಬಹುದು. ಎದುರಿನ ಫುಟ್‌ಪಾತಿನಲ್ಲಿ ತಲೆ ತಗ್ಗಿಸಿಕೊಂಡು ದಾಟಿದೆ.

ಇಲೇನಿಯಾ ಅಡಿಗೆಮನೆಯಲ್ಲಿ ಟೊಮೆಟೊ ಸಾರಿಗೆ ಉಪ್ಪು ನೋಡುತ್ತಿದ್ದಳು. ಮೇಜಿನ ಮೇಲೆ ನೌಕಾ ಶಾಲೆಯ ಕಾಗದಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಳು. ನಾನು ಕೋಟು ತೆಗೆಯುವವರೆಗೆ ಕಾದಳು. ಅರ್ಜಿ ಏನಾಯಿತು ಎಂದು ಕೇಳಿದಳು.

"ಸಿಗಲ್ಲ ಪುಟ್ಟಿ. ಒಂದು ದಿನ ಕಡಿಮೆ ಬಿತ್ತು."

ಅವಳು ಚಮಚವನ್ನು ಪಾತ್ರೆಯ ಅಂಚಿಗೆ ಇಟ್ಟಳು. ಅಳಲಿಲ್ಲ. ಹದಿನಾರು ವರ್ಷದವಳು. ಒಂದೇ ಒಂದು ದಿನವಾ ಎಂದು ಮೆಲ್ಲಗೆ ಕೇಳಿದಳು. ನಾನು ಹೂಂ ಅಂದೆ. ಅವಳು ಸ್ವಲ್ಪ ಹೊತ್ತು ಕಾಗದಗಳ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಯಾವ ದಿನ ಅಮ್ಮಾ?"

ನಾನು ಒಲೆಯ ಉರಿ ಸಣ್ಣ ಮಾಡಿದೆ. ತಟ್ಟೆ ಇಟ್ಟೆ. ಇವಳಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಆ ರಾತ್ರಿ ತೀರ್ಮಾನಿಸಿದೆ.